ಶಂಭುಲಿಂಗಪ್ಪನವರ ನೂರು ಡಜನ್

ನಂಜನಗೂಡಿನ ಶಂಭುಲಿಂಗಪ್ಪನವರು ಮಾತಿನಲ್ಲಿ ಧಾರಾಳಿ, ಬರವಣಿಗೆಯಲ್ಲಿ ಮಹಾ ಜಿಪುಣ. ದಾರಿಯಲ್ಲಿ ಸಿಕ್ಕವರನ್ನು ಬಿಸಿಲಲ್ಲೇ ನಿಲ್ಲಿಸಿಕೊಂಡು ಗಂಟೆಗಟ್ಟಲೆ ಮಾತಾಡುವ ಮನುಷ್ಯ, ಕೈಗೆ ಪೆನ್ನು ಸಿಕ್ಕಿತೆಂದರೆ ಮೂರು ಪದದಲ್ಲಿ ಮುಗಿಸಿಬಿಡುತ್ತಿದ್ದರು. ಅದು ಅವರ ನೌಕರಿ ಕಲಿಸಿದ ಬುದ್ಧಿ. ಜೀವಮಾನವೆಲ್ಲ ತಂತಿ ಕಳಿಸುವ ಕೌಂಟರಿನಲ್ಲಿ ಕೂತವರು ಅವರು. ತೊಂಬತ್ತರ ದಶಕದಲ್ಲಿ ಬೀದಿಗೊಂದು ಎಸ್‌ಟಿಡಿ ಬೂತು ಬಂದ ಮೇಲೂ ಸಾವು, ಹೆರಿಗೆ, ಕೋರ್ಟಿನ ವಾಯಿದೆ ಅಂದರೆ ಸುತ್ತಿನ ಹಳ್ಳಿಯವರು ತಂತಿಯನ್ನೇ ನಂಬುತ್ತಿದ್ದರು. ತಂತಿಗೆ ಪದದ ಲೆಕ್ಕ. ಜನ ಉದ್ದಕ್ಕೆ ಹೇಳುತ್ತಿದ್ದರು, ಶಂಭುಲಿಂಗಪ್ಪನವರು ಕತ್ತರಿಸುತ್ತಿದ್ದರು.

ಒಮ್ಮೆ ಕವಲಂದೆಯ ಚನ್ನಯ್ಯ ಎಂಬುವವನು ಬಂದು ಕಿಟಕಿಗೆ ಮುಖ ಒತ್ತಿ, "ನಮ್ಮವ್ವುಂಗೆ ಉಸಾರಿಲ್ಲ, ರಾತ್ರಿಯಿಂದ ಗಂಜಿನೂ ಕುಡುದಿಲ್ಲ, ಕಿರೀಮಗನ್ನ ನೋಡ್ಬೇಕು ಅಂತ ಕಣ್ಣೀರಾಕ್ತಾವ್ಳೆ, ಸಿಕ್ಕಿದ್ ಬಸ್ಸಿಗೆ ಬಾ ಅಂತ ಆಕಿ ಸಾ" ಅಂದ. ಶಂಭುಲಿಂಗಪ್ಪನವರು ಬರೆದದ್ದು ಇಷ್ಟು: ಮದರ್ ಸೀರಿಯಸ್ ಸ್ಟಾರ್ಟ್.

"ಗಂಜಿ ಬುಟ್ಬುಟ್ರಲ್ಲ ಸಾ?" ಎಂದು ಚನ್ನಯ್ಯ ಸಂಕಟಪಟ್ಟ.

"ಸೀರಿಯಸ್ ಅಂದ್ಮೇಲೆ ಗಂಜಿ ಅದ್ರೊಳಗೇ ಬತ್ತದೆ ಓಗಯ್ಯ."

ಹೀಗೆ ಊರಿನವರ ಕಣ್ಣೀರು, ಗಂಜಿ, ಆಣೆ, ಆಶೀರ್ವಾದಗಳನ್ನೆಲ್ಲ ಉಳಿಸಿ ಉಳಿಸಿ ಅವರು ೨೦೦೧ರಲ್ಲಿ ನಿವೃತ್ತರಾದರು. ಆಮೇಲೆ ಅವರನ್ನು ಕಾಡಿದ್ದು ಮಾತಿನ ಬರ. ಮನೆಯಲ್ಲಿದ್ದವರು ಹೆಂಡತಿ ಗುರುಬಸಮ್ಮ, ಮಗಳು ಚೈತ್ರ. ಚೈತ್ರ ಶಾಲೆಯಲ್ಲಿ ಪಾಠ ಹೇಳಿ ಬಂದವಳು, ಮನೆಯಲ್ಲೂ ಪಾಠ ಕೇಳುವ ತಾಳ್ಮೆ ಅವಳಿಗಿರಲಿಲ್ಲ. ಗುರುಬಸಮ್ಮನವರಂತೂ ವಾದಕ್ಕೆ ಸಿಗುವ ಪೈಕಿಯೇ ಅಲ್ಲ. "ಆಯ್ತು ಕಣ್ರೀ, ನೀವೇ ಸರಿ" ಅಂದು ಅಡುಗೆಮನೆಗೆ ಹೋಗಿಬಿಡುತ್ತಿದ್ದರು. ವಾದ ಮಾಡುವವನಿಗೆ ಅದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ.

ಇಂಥ ಹೊತ್ತಿನಲ್ಲಿ ಬಜಾರ್ ಬೀದಿಯಲ್ಲಿ ನಂಜೇಶ್ ಎಂಬುವನು ಇಂಟರ್ನೆಟ್ ಸೆಂಟರ್ ತೆರೆದ. ಶಂಭುಲಿಂಗಪ್ಪನವರ ಹಳೆಯ ಸಹೋದ್ಯೋಗಿಯ ಮಗ, ಎರಡು ಮಕ್ಕಳ ತಂದೆ. ಇವರು ದಿನಾ ಬಂದು ಬಾಗಿಲಲ್ಲಿ ನಿಂತು ಗಿರಾಕಿಗಳನ್ನು ಮಾತಿಗೆಳೆಯುವುದನ್ನು ತಾಳಲಾರದೆ ಒಂದು ದಿನ ಒಳಗೆ ಕರೆದು ಕುರ್ಚಿಯ ಮೇಲೆ ಕೂರಿಸಿದ.

"ಇಲ್ನೋಡಿ ಅಂಕಲ್. ಜಗಳ ಆಡಾಕೆ ಪ್ರಪಂಚದ ಜನ ಎಲ್ಲಾ ಇದ್ರೊಳಗವ್ರೆ. ಎಷ್ಟ್ ಬೇಕೋ ಆಡಿ."

ಅದು 'ಕಟ್ಟೆಮಾತು' ಎಂಬ ಚರ್ಚಾತಾಣ. ಹೊರದೇಶದಲ್ಲಿದ್ದ ಯಾರೋ ಕನ್ನಡಿಗರು ಶುರು ಮಾಡಿದ್ದು. ಒಬ್ಬರು ಒಂದು ವಿಷಯ ಎತ್ತಿದರೆ ಉಳಿದವರು ಕೆಳಗೆ ಸಾಲಾಗಿ ಉತ್ತರ ಬರೆಯುವುದು, ಉತ್ತರಕ್ಕೆ ಪ್ರತ್ಯುತ್ತರ, ಅದಕ್ಕೆ ಮತ್ತೊಂದು. ಭಾಷೆ ಕನ್ನಡವೇ, ಅಕ್ಷರ ಮಾತ್ರ ಇಂಗ್ಲಿಷು. ಕನ್ನಡದ ಅಕ್ಷರವನ್ನೇ ಹಾಕಿದರೆ ತೆರೆಯ ಮೇಲೆ ಪ್ರಶ್ನಾರ್ಥಕ ಚಿಹ್ನೆಗಳು ಇರುವೆ ಸಾಲಿನ ಹಾಗೆ ಬೀಳುತ್ತಿದ್ದವು. ಹೋಗಲಿ, ಇಂಗ್ಲಿಷಿನ ಎಲ್ ಕೆಳಗೆ ಒಂದು ಚುಕ್ಕಿ ಇಟ್ಟು ಳ ಮಾಡೋಣವೆಂದರೆ ಅದಕ್ಕೂ ಪ್ರಶ್ನಾರ್ಥಕವೇ. ಶಂಭುಲಿಂಗಪ್ಪನವರಿಗೆ ಇದರಿಂದ ಏನೂ ತೊಂದರೆಯಾಗಲಿಲ್ಲ. ಜೀವಮಾನವೆಲ್ಲ ಇಂಗ್ಲಿಷ್ ಅಕ್ಷರ ಕುಟ್ಟಿದ ಕೈ. ಒಂದು ತಿಂಗಳಲ್ಲಿ ಅವರು ಆ ತಾಣದ ಹಿರಿಯ ಜಗಳಗಂಟರಾದರು.

೨೦೦೩ರ ಉಗಾದಿಯ ಹೊತ್ತಿಗೆ ಅಲ್ಲೊಂದು ಗದ್ದಲವಾಯಿತು. ಮೈಸೂರಿನ ಒಬ್ಬ ಸಂಭಾವಿತ ಹಿರಿಯರು ಹಬ್ಬದ ಆಚರಣೆಯ ಬಗ್ಗೆ ಏನೋ ಸಂದೇಹ ಕೇಳಿ, ಕೊನೆಗೆ ಬಹಳ ವಿನಯದಿಂದ "dayavittu ellaru heli" ಎಂದು ಬರೆದರು. ದಯವಿಟ್ಟು ಎಲ್ಲರೂ ಹೇಳಿ ಅಂತ. ಆ ಕೊನೆಯ ಪದದಲ್ಲಿ ಳಕಾರ ಬಿಟ್ಟು ಲಕಾರ ಓದಿಕೊಂಡರೆ ಹಿರಿಯರು ಎಲ್ಲರಿಂದ ಬೇಡಿದ್ದು ಏನೆಂದು ಬಿಡಿಸಿ ಬರೆಯುವುದು ಬೇಡ. ಪಡ್ಡೆಗಳು ಬಿಡುತ್ತಾರೆಯೇ? "ಬೆಳಗ್ಗೆಯೇ ಆಯಿತು ಸಾರ್" ಅಂತ ಒಬ್ಬ, "ಹಬ್ಬದ ದಿನ ಬೇಡ" ಅಂತ ಇನ್ನೊಬ್ಬ. ಹಿರಿಯರು ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಆಗ ತಿ. ನರಸೀಪುರದಿಂದ ranju ಎಂಬ ಹೆಸರಿನಲ್ಲಿ ಬರೆಯುತ್ತಿದ್ದವರು ಎದ್ದು ನಿಂತರು. ಕನ್ನಡಕ್ಕೆ ಕನ್ನಡದ ಅಕ್ಷರವೇ ಬೇಕು, ಈ ತಾಣಕ್ಕೆ ಅದನ್ನು ತರಿಸಿ, ಇಲ್ಲದಿದ್ದರೆ ಅನ್ನಕ್ಕೂ ಅಣ್ಣನಿಗೂ ವ್ಯತ್ಯಾಸವಿರುವುದಿಲ್ಲ, ಹುಳಿ ಹಾಕಿ ಅಂದರೆ ಜನ ಹುಲಿ ಹಾಕುತ್ತಾರೆ ಎಂದು ಬರೆದರು. ಶಂಭುಲಿಂಗಪ್ಪನವರಿಗೆ ಇಂಥದ್ದೇ ಬೇಕಿತ್ತು. ಒಂದೇ ಸಾಲು ಕುಟ್ಟಿದರು: "sandarbha nodi tilkobeku." ಸಂದರ್ಭ ನೋಡಿ ತಿಳಿದುಕೊಳ್ಳಬೇಕು. ranju ಬಿಡಲಿಲ್ಲ, ಇವರೂ ಬಿಡಲಿಲ್ಲ. ಕೊನೆಗೆ ತಾಣದ ಯಜಮಾನ, ಅಡ್ಮಿನ್ ಅನ್ನುವ ಹೆಸರಿನಲ್ಲೇ ಬರೆಯುತ್ತಿದ್ದಾತ, ತೀರ್ಪು ಕೊಟ್ಟ. ವಿದೇಶಿ ಲಿಪಿ, ವಿಶೇಷ ಚಿಹ್ನೆ ಯಾವುದಕ್ಕೂ ಸದ್ಯಕ್ಕೆ ಅವಕಾಶವಿಲ್ಲ, ಶಂಭು ಸಾರ್ ಹೇಳಿದ್ದೇ ಸರಿ.

"ನರಸೀಪುರದ ಯಾವನೋ ರಂಜು ಅಂತೆ. ಬಾಯಿ ಮುಚ್ಚಿಸ್ಬುಟ್ಟೆ" ಎಂದು ಮನೆಗೆ ಬಂದು ಹೇಳಿದರು.

"ಆಯ್ತು ಕಣ್ರೀ" ಅಂದರು ಗುರುಬಸಮ್ಮ.

ಮರುವರ್ಷ ಚೈತ್ರಳ ಮದುವೆ ನಿಶ್ಚಯವಾಯಿತು. ಗಂಡಿನ ಕಡೆಯವರು ದಾವಣಗೆರೆಯವರು. ನಿಶ್ಚಿತಾರ್ಥದ ಊಟದಲ್ಲಿ ಬೀಗರು ಕೈ ತೊಳೆಯುತ್ತಾ, "ನಂಜನಗೂಡಿನೋರು ಅದೀರಿ ನೀವು. ಮದುವಿ ಊಟದಾಗ ನಿಮ್ಮೂರ ಬಾಳೆಹಣ್ಣು ಇರ್ತೈತಿ ಹೌದಲ್ರಿ?" ಅಂದರು.

"ಇರೋದೇನು, ಎಲೆಗೆ ಎರಡು!" ಅಂದುಬಿಟ್ಟರು ಶಂಭುಲಿಂಗಪ್ಪನವರು.

ಅಂದ ಮೇಲೆ ಹುಡುಕಬೇಕಲ್ಲ. ಹುಡುಕಿದರೆ ಎಲ್ಲಿದೆ? ಊರಿನ ಹೆಸರು ಹೊತ್ತ ರಸಬಾಳೆಗೆ ಸೊರಗು ರೋಗ ಬಂದು ತೋಟಗಳೆಲ್ಲ ಕಬ್ಬಿಗೆ, ಬೇರೆ ತಳಿಗೆ ತಿರುಗಿ ಯಾವುದೋ ಕಾಲವಾಗಿತ್ತು. ಮಂಡಿಯಲ್ಲಿ ಕೇಳಿದರೆ ಏಲಕ್ಕಿ ಬಾಳೆ ತೋರಿಸಿ, "ಇದುನ್ನೇ ಅದು ಅಂತ ಕೊಡ್ತೀವಿ ಬುಡಿ ಸಾ, ದಾವಣಗೆರೆಯೋರಿಗೆ ಏನ್ ಗೊತ್ತಾಯ್ತದೆ" ಅಂದರು. ಶಂಭುಲಿಂಗಪ್ಪನವರು ಜಗಳ ಮಾಡಿಕೊಂಡು ಬಂದರು. ಆಮೇಲೆ ನಂಜೇಶನ ಅಂಗಡಿಗೆ ಹೋಗಿ ಕಟ್ಟೆಮಾತಿನಲ್ಲಿ ಒಂದು ವಿನಂತಿ ಹಾಕಿದರು.

ಇಲ್ಲೊಂದು ಮಾತು. ನಂಜನಗೂಡಿನವರಿಗೆ ಬಾಳೆ ಅಂದರೆ ರಸಬಾಳೆಯೇ, ಉಳಿದದ್ದೆಲ್ಲ ಬರೀ ಹಣ್ಣು. ರಸ ಎಂಬ ಪದ ಸೇರಿಸುವುದು ಅವರಿಗೆ ಊರಿಗೇ ಅವಮಾನ ಅನ್ನಿಸಿತು. ಹಣ್ಣು ಅನ್ನೋಣವೆಂದರೆ ಅವರಿಗೆ ಬೇಕಾದದ್ದು ಹಸಿರುಗಾಯಿ. ಮನೆಯ ಉಗ್ರಾಣದಲ್ಲಿ ಹೊಗೆ ಕೊಟ್ಟು ತಾವೇ ಹಣ್ಣು ಮಾಡಿಸುವುದೆಂದು ತೀರ್ಮಾನಿಸಿದ್ದರು. ಹಾಗಾಗಿ ಬರೆದದ್ದು: "maduvege bale beku. igina bale alla. hale kalada asali bale."

ಸಂಜೆಯೊಳಗೆ ಉತ್ತರ ಬಂತು. ಬಂದದ್ದು ಯಾರಿಂದ? ಅದೇ ranju. ನಮ್ಮಲ್ಲಿ ಇದೆ, ಹಳೇ ಕಾಲದ್ದೇ ಇದೆ, ಎಷ್ಟು ಬೇಕು?

"ಜಗಳ ಆಡ್ದೋನೇ ಕೊಡ್ತೀನಿ ಅಂತಾನಲ್ಲ. ಒಳ್ಳೆ ಮನುಷ್ಯ ಕಣಪ್ಪ" ಎಂದು ಶಂಭುಲಿಂಗಪ್ಪನವರು ನಂಜೇಶನಿಗೆ ಹೇಳಿ, ನೂರು ಡಜನ್ ಎಂದು ಬರೆದರು.

ಹಸಿರೋ ಕೆಂಪೋ ಎಂದು ರಂಜು ಕೇಳಿದರು. ಕೆಂಪು ಬಾಳೆಯನ್ನು ಶಂಭುಲಿಂಗಪ್ಪನವರು ಬಾಳೆಯೆಂದೇ ಒಪ್ಪಿದವರಲ್ಲ. ಮದುವೆಗೆ ಯಾರಾದರೂ ಕೆಂಪು ತರಿಸುತ್ತಾರೆಯೇ, ಹಸಿರೇ ಇರಲಿ ಎಂದು ಬರೆದರು. ಸರಿ, ಅಂದರು ರಂಜು. ಆಮೇಲೆ ಇನ್ನೊಂದು ಪ್ರಶ್ನೆ ಬಂತು: "kai eshtu dappa?"

ಕಾಯಿ ಎಷ್ಟು ದಪ್ಪ! ಶಂಭುಲಿಂಗಪ್ಪನವರು ಕುರ್ಚಿಯಲ್ಲಿ ನೆಟ್ಟಗೆ ಕೂತರು. "ನೋಡ್ದಾ ನಂಜೇಶ? ತಿಳುದೋರು ಕೇಳೋ ಪ್ರಶ್ನೆ ಇದು" ಎಂದು ಹೊಗಳಿ, kai ಸಣ್ಣದಿರಲಿ, ಎಲ್ಲ ಒಂದೇ ಸಮ ಬೇಡ, ಅಲ್ಪಸ್ವಲ್ಪ ದೊಡ್ಡದು ಚಿಕ್ಕದು ಇದ್ದರೆ ಪರವಾಗಿಲ್ಲ ಎಂದು ಕುಟ್ಟಿದರು. ಪೆಟ್ಟು ಬೀಳದ ಹಾಗೆ ಕಳಿಸಿ ಅಂದದ್ದಕ್ಕೆ, ಹುಲ್ಲು ಹಾಕಿ ಪೆಟ್ಟಿಗೆಯಲ್ಲಿ ಕಟ್ಟಿ ಬಸ್ಸಿಗೆ ಹಾಕುತ್ತೇನೆ ಎಂದು ಉತ್ತರ ಬಂತು. ಹುಲ್ಲಿನ ಮಾತು ಕೇಳಿ ಇವರ ಕಣ್ಣಲ್ಲಿ ನೀರಾಡಿತು. ಈ ಕಾಲದಲ್ಲೂ ಬಾಳೆಗೆ ಹುಲ್ಲು ಹಾಕುವವರಿದ್ದಾರೆ!

ಒಂದೇ ಒಂದು ಕಡೆ ಅವರಿಗೆ ಸ್ವಲ್ಪ ಅನುಮಾನ ಬಂದದ್ದುಂಟು. ಎಷ್ಟು ದಿನ ಇರುತ್ತದೆ ಎಂದು ಕೇಳಿದ್ದಕ್ಕೆ ರಂಜು, ನಮ್ಮದು ಒಂದು ಸಾರಿ ತಗೊಂಡರೆ ವರ್ಷಗಟ್ಟಲೆ ಇರುತ್ತದೆ, ನಮ್ಮತ್ತೆಯದು ಅವರ ಮದುವೆ ಕಾಲದ್ದೇ ಇನ್ನೂ ಎರಡು ಉಳಿದಿವೆ ಎಂದು ಬರೆದಿದ್ದರು.

"ಮದ್ವೆ ಕಾಲದ್ ಬಾಳೆ ಇನ್ನೂ ಎರಡು ಐತೇನ್ರೀ?" ಎಂದು ಗುರುಬಸಮ್ಮ ಕೇಳಿದರು.

"ವ್ಯಾಪಾರದೋರು ಅಂದ್ಮೇಲೆ ಒಂದೆರಡ್ ಮಾತು ಜಾಸ್ತಿ ಆಡ್ತಾರೆ. ಗಿಡ ಅಂತ ಅದ್ರ ಅರ್ಥ."

"ಪೋನ್ ಮಾಡಿ ಕೇಳ್ಬಾರ್ದಾ?"

"ಪೋನಲ್ ಆಡಿದ್ ಮಾತು ಗಾಳಿ. ಬರ್ದಿದ್ದು ನಿಂತಿರ್ತದೆ."

ಪೆಟ್ಟಿಗೆ ಬಂದ ದಿನ ಶಂಭುಲಿಂಗಪ್ಪನವರು ಗುಂಡ್ಲುಪೇಟೆ ಕಡೆ ಲಗ್ನಪತ್ರಿಕೆ ಹಂಚಲು ಹೋಗಿದ್ದರು. ಗುರುಬಸಮ್ಮ ಸೀರೆ ತರಲು ಮೈಸೂರಿಗೆ. ಮದುವೆ ಕೆಲಸಕ್ಕೆಂದು ಮೊದಲೇ ಬಂದಿದ್ದ ಶಂಭುಲಿಂಗಪ್ಪನವರ ತಂಗಿ ಪುಟ್ಟಬಸಮ್ಮ ಮನೆಯಲ್ಲಿದ್ದರು. ಅಣ್ಣನ ಅಪ್ಪಣೆ ಕಟ್ಟುನಿಟ್ಟಾಗಿತ್ತು: ಪೆಟ್ಟಿಗೆ ಬಿಚ್ಚಬಾರದು, ಗಾಳಿ ಸೋಕಬಾರದು, ಬಂದ ಹಾಗೇ ಉಗ್ರಾಣಕ್ಕೆ ಹಾಕಿ ಹೊಗೆ ಕೊಡಬೇಕು. ಪುಟ್ಟಬಸಮ್ಮ ಅಣ್ಣನ ಮಾತು ಮೀರಿದವರಲ್ಲ. ಪೆಟ್ಟಿಗೆಗಳನ್ನು ಹುಲ್ಲಿನ ಮೇಲಿಟ್ಟು, ಮೇಲೊಂದಷ್ಟು ಹುಲ್ಲು ಮುಚ್ಚಿ, ಮಡಕೆಯಲ್ಲಿ ತೆಂಗಿನ ನಾರು, ಬೆರಣಿ ಹೊತ್ತಿಸಿ, ಬಾಗಿಲ ಸಂದಿಗೆಲ್ಲ ಸಗಣಿ ಮೆತ್ತಿದರು. ರಾತ್ರಿ ಬಂದ ಶಂಭುಲಿಂಗಪ್ಪನವರು ಬಾಗಿಲ ಬಳಿ ನಿಂತು ಮೂಗರಳಿಸಿ, "ಆಹಾ, ಘಮ ಆಗ್ಲೇ ಎದ್ದೈತೆ" ಅಂದರು. ಎದ್ದಿದ್ದದ್ದು ಬೆರಣಿಯ ಘಮ.

ಮದುವೆಗೆ ಮೂರು ದಿನವಿದೆ ಅನ್ನುವಾಗ ಉಗ್ರಾಣದ ಬಾಗಿಲು ತೆಗೆದರು. ಮನೆಯ ಹೆಂಗಸರೆಲ್ಲ ನೋಡಲು ಬಂದು ನಿಂತರು. ಹೊಗೆ ಹೊರಬಂತು, ಎಲ್ಲರೂ ಕೆಮ್ಮಿದರು. ಶಂಭುಲಿಂಗಪ್ಪನವರು ಕನ್ನಡಕ ಒರೆಸಿಕೊಂಡು ಪೆಟ್ಟಿಗೆಯ ಹಗ್ಗ ಕಡಿದು ಹುಲ್ಲಿನೊಳಗೆ ಕೈ ಹಾಕಿದರು.

"ಇನ್ನೂ ಗಟ್ಟಿಯಾಗೈತೆ" ಅಂದರು.

ಗುರುಬಸಮ್ಮ ಹತ್ತಿರ ಬಂದು ಹುಲ್ಲು ಸರಿಸಿ ನೋಡಿದರು. ಕಾಗದದ ಸುರುಳಿಗೆ ಸೇರಿಸಿ ಕಟ್ಟಿದ ಹಸಿರು ಗಾಜಿನ ಬಳೆಗಳು, ಸಾಲು ಸಾಲಾಗಿ.

"ಇವು ಯಾವತ್ತೂ ಅಣ್ಣಾಗಲ್ಲ ಕಣ್ರೀ" ಅಂದರು.

ಚೈತ್ರ ಬಾಯಿಗೆ ಸೆರಗು ಒತ್ತಿಕೊಂಡು ಓಡಿಹೋದಳು. ಶಂಭುಲಿಂಗಪ್ಪನವರು ತಂಗಿಯ ಕಡೆ ತಿರುಗಿದರು. "ಪೆಟ್ಟಿಗೆ ಎತ್ತಿಡುವಾಗ ಗೊತ್ತಾಗ್ಲಿಲ್ವಾ ನಿಂಗೆ?"

"ಅಗುರಕ್ಕಿತ್ತು ಕಣಣ್ಣ. ಜಲಜಲ ಅಂತಾನೂ ಅಂತಿತ್ತು. ರಸ ಜಾಸ್ತಿ ಇರ್ಬೇಕು ಅನ್ಕಂಡೆ."

ಶಂಭುಲಿಂಗಪ್ಪನವರಿಗೆ ತಕ್ಷಣ ಹೊಳೆದದ್ದು ಒಂದೇ. ಇದು ಸೇಡು. ಹೋದ ವರ್ಷ ಎಲ್ಲರೆದುರು ಬಾಯಿ ಮುಚ್ಚಿಸಿದ್ದಕ್ಕೆ ಆ ರಂಜು ಎಂಬುವನು ಕೈಗೆ ಬಳೆ ತೊಟ್ಟುಕೋ ಎಂದು ಕಳಿಸಿದ್ದಾನೆ! ಒಂದೆರಡಲ್ಲ, ನೂರು ಡಜನ್! ಅವರು ಒಂದು ಪೆಟ್ಟಿಗೆ ಬಗಲಿಗಿಟ್ಟುಕೊಂಡು ನರಸೀಪುರದ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಏನೇನು ಬೈಯಬೇಕೆಂದು ಜೋಡಿಸಿಕೊಂಡರು. ಅಕ್ಕಪಕ್ಕದವರು ಹೊಗೆ ವಾಸನೆಗೆ ಸ್ವಲ್ಪ ಜರುಗಿ ಕೂತರು.

ಪೆಟ್ಟಿಗೆಯ ಮೇಲಿದ್ದ ವಿಳಾಸ ಹಿಡಿದು ಹೋದರೆ ಅದು ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಒಂದು ಫ್ಯಾನ್ಸಿ ಸ್ಟೋರ್. ರಿಬ್ಬನ್ನು, ಕುಂಕುಮ, ಹೇರ್‌ಪಿನ್ನು, ಗೋಡೆಯುದ್ದಕ್ಕೂ ಬಳೆ. ಗಲ್ಲಾದಲ್ಲಿ ಮೂವತ್ತರ ಆಸುಪಾಸಿನ ಹೆಂಗಸು ಕೂತಿದ್ದರು.

"ರಂಜು ಅನ್ನೋನು ಎಲ್ಲವ್ನೆ? ಕರೀರಿ ಈಚೆಗೆ!"

"ನಾನೇ ಸಾ. ರಂಜಿನಿ ಅಂತ."

ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಬೈಗುಳದಲ್ಲಿ ಮುಕ್ಕಾಲು ಪಾಲು ಗಂಡಸರಿಗೆ ಮಾತ್ರ ಒಪ್ಪುವಂಥದ್ದು. ಶಂಭುಲಿಂಗಪ್ಪನವರು ತಡವರಿಸಿದರು. ಪೆಟ್ಟಿಗೆಯನ್ನು ಗಲ್ಲಾದ ಮೇಲಿಟ್ಟು, "ನಾನು ಶಂಭು. ನಂಜನಗೂಡು. ಏನಮ್ಮಾ ಇದು?" ಅಂದರು.

ರಂಜಿನಿಯ ಮುಖ ಅರಳಿತು. "ಓ, ನೀವಾ ಸಾ! ಬನ್ನಿ ಕೂತ್ಕಳಿ. ಯಾಕೆ, ಅಳತೆ ಸರಿಯಾಗ್ಲಿಲ್ವಾ? ಒಡುದೋದ್ವಾ?"

"ಬಾಳೆ ಕೇಳುದ್ರೆ ಬಳೆ ಕಳಿಸಿದ್ದೀಯಲ್ಲಮ್ಮಾ!"

ರಂಜಿನಿ ಹಣೆಗೆ ಕೈ ಹಚ್ಚಿಕೊಂಡು ಸ್ಟೂಲಿನ ಮೇಲೆ ಕುಸಿದಳು. "ಅಯ್ಯೋ ಶಿವನೇ. ಬಾಳೆಯಾ?"

"ಮತ್ತೇನನ್ಕಂಡೆ?"

"ಸಂದರ್ಭ ನೋಡಿ ತಿಳ್ಕಬೇಕು ಅಂತ ನೀವೇ ಏಳಿದ್ರಲ್ಲ ಸಾ. ನೋಡ್ದೆ. ಮದ್ವೆ ಮನೆ, ಅಸ್ರು ಬಣ್ಣ, ಡಜನ್ ಲೆಕ್ಕ. ಬಳೆ ಅನ್ಕಂಡೆ."

"ಕಾಯಿ ಎಷ್ಟು ದಪ್ಪ ಅಂತ ಕೇಳ್ದೆಯಲ್ಲ?"

"ಕಾಯಿ ಅಲ್ಲ ಸಾ, ಕೈ! ಸಣ್ಣುಕಿರ್ಲಿ, ದೊಡ್ಡುದು ಚಿಕ್ಕುದು ಎಲ್ಲಾ ಇರ್ಲಿ ಅಂದ್ರಿ. ನೆಂಟ್ರಲ್ಲಿ ಮಕ್ಳು ಜಾಸ್ತಿ ಅವ್ರೆ ಅನ್ಕಂಡು ನಾನು ಎಲ್ಲಾ ಅಳತೇಲೂ ಆರ್ಸಿ ಆಕ್ದೆ."

"ಬಾಳೆ ವರ್ಷಗಟ್ಲೆ ಇರ್ತದಾ ಅಂತ ನಾನಾದ್ರೂ ಕೇಳ್ಬೇಕಿತ್ತು" ಅಂದರು ಶಂಭುಲಿಂಗಪ್ಪನವರು. ಸಿಟ್ಟು ಎಲ್ಲೋ ಸೋರಿಹೋಗಿತ್ತು.

"ಎಷ್ಟು ದಿನ ಇರುತ್ತೆ ಅಂತ ನೀವ್ ಕೇಳ್ದಾಗ ನಂಗೂ ಸ್ವಲ್ಪ ಸಿಟ್ಟು ಬಂತು ಸಾ. ಏನ್ ಜಿಪುಣ್ರಪ್ಪ, ಮಗಳ ಮದ್ವೆ ಬಳೇಗೂ ಗ್ಯಾರಂಟಿ ಕೇಳ್ತಾರಲ್ಲ ಅಂತ." ರಂಜಿನಿ ಪೆಟ್ಟಿಗೆ ತೆರೆದು ಒಂದು ಸುರುಳಿ ಎತ್ತಿ ಮೂಗಿನ ಹತ್ತಿರ ತಂದಳು. "ಇದ್ಯಾಕ್ ಸಾ ಒಗೆ ವಾಸ್ನೆ?"

ಶಂಭುಲಿಂಗಪ್ಪನವರು ಬೀದಿಯ ಕಡೆ ನೋಡಿದರು. ಉತ್ತರ ಹೇಳದೆ ವಿಧಿ ಇರಲಿಲ್ಲ. "ಅಣ್ಣಾಗ್ಲಿ ಅಂತ ಒಗೆ ಕೊಟ್ಟಿದ್ದೊ."

ರಂಜಿನಿ ನಕ್ಕದ್ದು ಎಂಥ ನಗು ಅಂದರೆ ಒಳಗಿದ್ದ ಅವಳ ಗಂಡ ಗುರು, ಏನೋ ಅನಾಹುತವಾಯಿತೆಂದು ಓಡಿಬಂದ. ಅವನು ಸಾರಿಗೆ ಬಸ್ಸಿನ ಕಂಡಕ್ಟರ್, ಅಂದು ರಜೆ. ಅವನಿಗೆ ಹೇಳಲು ಹೋಗಿ ಅವಳಿಗೆ ಹೇಳಲಾಗಲಿಲ್ಲ. ಬಳೆ ತೋರಿಸುತ್ತಾಳೆ, ಊದುವ ಹಾಗೆ ಸನ್ನೆ ಮಾಡುತ್ತಾಳೆ, ಮತ್ತೆ ನಗುತ್ತಾಳೆ. ಕೊನೆಗೆ ಶಂಭುಲಿಂಗಪ್ಪನವರೇ ಹೇಳಬೇಕಾಯಿತು. ಹೇಳುತ್ತಾ ಹೇಳುತ್ತಾ ತಾವೂ ನಕ್ಕರು. ಹೆಂಡತಿಯ ಎದುರು ನಗಲಾಗದ್ದು ಇಲ್ಲಿ ಹೊಟ್ಟೆ ಹಿಡಿದುಕೊಳ್ಳುವಷ್ಟು ಬಂತು.

ನಗು ನಿಂತ ಮೇಲೆ ಬಾಳೆಯ ಚಿಂತೆ ಹಾಗೇ ಕೂತಿತ್ತು. ಗುರು ತಲೆ ಕೆರೆದುಕೊಂಡು, "ನಮ್ಮವ್ವುನ್ ಇತ್ಲಲ್ಲಿ ಮೂರ್ನಾಲ್ಕು ಗಿಡ ಅವೆ ಸಾ, ರಸಬಾಳೇವು. ಕೊಡ್ತಾಳಾ ಇಲ್ವಾ ಗೊತ್ತಿಲ್ಲ" ಅಂದ. ಅವನ ತಾಯಿ, ಹೆಸರು ದೊಡ್ಡಮ್ಮ, ತಗಡೂರಿನ ಕಡೆಯ ಹಳ್ಳಿಯಲ್ಲಿದ್ದರು. ಮೂವರೂ ಹೊರಟರು.

ದೊಡ್ಡಮ್ಮ ಹಿತ್ತಲಲ್ಲಿ ಬಾಳೆಯ ಬುಡಕ್ಕೆ ಬೂದಿ ಹಾಕುತ್ತಿದ್ದರು. ಒಂದೇ ಒಂದು ಗಿಡದಲ್ಲಿ ಬಲಿತ ಗೊನೆ ಜೋತಾಡುತ್ತಿತ್ತು. ಶಂಭುಲಿಂಗಪ್ಪನವರು ಅದರ ಕೆಳಗೆ ನಿಂತು ದೇವರನ್ನು ನೋಡುವ ಹಾಗೆ ನೋಡಿದರು.

"ಏನ್ ರೇಟು ಏಳವ್ವ" ಅಂದರು.

"ಮಾರಕ್ಕಲ್ಲ ಕಣಪ್ಪ ಇದು. ಮೊಮ್ಮಕ್ಳು ತಿನ್ಲಿ ಅಂತ ಬುಟ್ಟಿವ್ನಿ."

ಗುರು ಹೇಳಿದ, ರಂಜಿನಿ ಹೇಳಿದಳು, ದೊಡ್ಡಮ್ಮ ಅಲ್ಲಾಡಲಿಲ್ಲ. ಕೊನೆಗೆ ಶಂಭುಲಿಂಗಪ್ಪನವರು ಬಳೆಗೆ ಹೊಗೆ ಕೊಟ್ಟ ಕಥೆ ಹೇಳಿದರು. ಈ ಸಾರಿ ಒಂದು ಪದವನ್ನೂ ಉಳಿಸಲಿಲ್ಲ. ಬೆರಣಿ, ಸಗಣಿ, ಪುಟ್ಟಬಸಮ್ಮನ ಜಲಜಲ, ಬಸ್ಸಿನಲ್ಲಿ ಜೋಡಿಸಿಕೊಂಡ ಬೈಗುಳ ಎಲ್ಲ ಹೇಳಿದರು. ದೊಡ್ಡಮ್ಮ ಮೊದಲು ಸೆರಗು ಮುಚ್ಚಿ ನಕ್ಕರು, ಆಮೇಲೆ ಸೆರಗು ಬಿಟ್ಟು ನಕ್ಕರು.

"ಎತ್ಕಂಡೋಗಪ್ಪ ಸಾಮಿ. ಕಾಸು ಬ್ಯಾಡ. ಮಗೀಗೆ ಉಡುಗೊರೆ ಅನ್ಕೊ" ಎಂದು ಕುಡುಗೋಲು ತಂದುಕೊಟ್ಟರು. ಹೊರಡುವಾಗ ಒಂದು ಬಾಳೆಯ ಕಂದನ್ನೂ ಗೋಣಿಯಲ್ಲಿ ಸುತ್ತಿ ಕೈಗಿಟ್ಟರು.

ಇಡೀ ಮದುವೆಗೆ ಒಂದು ಗೊನೆ. ಎಲೆಗೆ ಎರಡು ಎಂದು ಬೀಗರಿಗೆ ಮಾತು ಕೊಟ್ಟಾಗಿತ್ತು. ಅಡುಗೆಯ ಚಿಕ್ಕಸ್ವಾಮಿ ಗೊನೆಯನ್ನು ತಿರುಗಿಸಿ ನೋಡಿ, ಸುಲಿದು, ಕಿವುಚಿ, ಬೆಲ್ಲ, ಕಾಯಿಹಾಲು, ಏಲಕ್ಕಿ ಸೇರಿಸಿ ರಸಾಯನ ಮಾಡಿದ. ಅದು ಎಲೆಗೆ ಎರಡು ಚಮಚದಂತೆ ಬಂತು. ಎರಡು ಅಂದಿದ್ದರಲ್ಲ, ಎರಡು ಏನು ಎಂದು ಹೇಳಿರಲಿಲ್ಲ. ನಮ್ಮ ಕಡೆ ಈ ಬಾಳೆಯನ್ನು ಮದುವೆಯಲ್ಲಿ ಹೀಗೇ ಬಡಿಸುವುದು ಎಂದು ಶಂಭುಲಿಂಗಪ್ಪನವರು ಗಂಭೀರವಾಗಿ ಹೇಳಿದರು. ಬೀಗರು ಚಮಚ ನೆಕ್ಕಿ, "ಭಾಳ ರುಚಿ ಐತ್ರಿ, ಇನ್ನೊಂದೀಟು ಹಾಕ್ರಿ" ಅಂದರು. ಶಂಭುಲಿಂಗಪ್ಪನವರಿಗೆ ಆಗ ಯಾರೋ ಕರೆದ ಹಾಗಾಗಿ ಅವರು ಆಚೆ ಹೋಗಬೇಕಾಯಿತು.

ಬಳೆಯ ದುಡ್ಡು ಕೊಟ್ಟಾಗಿತ್ತು. ವಾಪಸ್ ತಗೊಳ್ಳುತ್ತೇನೆ ಎಂದು ರಂಜಿನಿ ಹೇಳಿದರೂ ಗುರುಬಸಮ್ಮ ಬಿಡಲಿಲ್ಲ. ಮದುವೆಯ ಹಿಂದಿನ ದಿನ ರಂಜಿನಿಯೇ ಬಂದು ಚಪ್ಪರದಲ್ಲಿ ಕೂತು ಬಂದ ಹೆಂಗಸರಿಗೆಲ್ಲ ಬಳೆ ತೊಡಿಸಿದಳು. ದಾವಣಗೆರೆಯವರು ತಮ್ಮ ಕಡೆ ಇಂಥ ಮರ್ಯಾದೆ ನೋಡಿಲ್ಲ ಎಂದರು. ಒಬ್ಬ ಅಜ್ಜಿ ಕೈ ಮೂಸಿ ನೋಡಿ, "ಇದೇನ್ ಧೂಪ ಹಾಕೀರೇನವಾ?" ಅಂದಾಗ, "ಹೌದಮ್ಮ, ಪೂಜೆ ಮಾಡ್ಸಿದ್ದೊ" ಎಂದು ಪುಟ್ಟಬಸಮ್ಮ ಕಣ್ಣು ಮಿಟುಕಿಸದೆ ಹೇಳಿದರು. ಆಮೇಲೆ ಆ ಬಳೆಗೆ ಎಲ್ಲಿಲ್ಲದ ಬೇಡಿಕೆ.

ಮದುವೆಯ ಗದ್ದಲ ಮುಗಿದ ಮೇಲೆ ಶಂಭುಲಿಂಗಪ್ಪನವರು ಕಟ್ಟೆಮಾತಿಗೆ ಹಿಂತಿರುಗಿ, ತಾವು ಹಿಂದೆ ಹೇಳಿದ್ದು ತಪ್ಪು, ಈ ತಾಣಕ್ಕೆ ಕನ್ನಡ ಅಕ್ಷರ ಬೇಕೇ ಬೇಕು ಎಂದು ಬರೆದರು. ವಿದೇಶಿ ಲಿಪಿಗೆ ಅವಕಾಶವಿಲ್ಲ ಎಂದು ಅಡ್ಮಿನ್ ಹಳೆಯ ಉತ್ತರವನ್ನೇ ಕೊಟ್ಟ.

"ಯಾರಿಗಯ್ಯ ವಿದೇಶಿ? ನಂಗೆ ನಿನ್ ಎಬಿಸಿಡಿಯೇ ವಿದೇಶಿ!" ಎಂದು ಶಂಭುಲಿಂಗಪ್ಪನವರು ತೆರೆಗೆ ಬೈದರು. ಆಮೇಲೆ ತಮ್ಮ ಕಥೆಯನ್ನೇ ಸಾಕ್ಷಿ ಮಾಡುವುದೆಂದು ಕೂತು ಬರೆದರು. ಮೊದಲ ಸಾಲು ಹೀಗಿತ್ತು: "nanu bale kelide. avaru bale kalisidaru."

ಓದಿದವರು ಒಬ್ಬೊಬ್ಬರೇ ಉತ್ತರ ಬರೆದರು. ಸರಿಯಾಗಿಯೇ ಇದೆಯಲ್ಲ, ಕೇಳಿದ್ದನ್ನೇ ಕಳಿಸಿದ್ದಾರೆ, ತೊಂದರೆ ಏನು? ಎಂದು ಒಬ್ಬರು. ಇಷ್ಟು ಪ್ರಾಮಾಣಿಕರು ಈಗ ಸಿಗುವುದಿಲ್ಲ ಎಂದು ಇನ್ನೊಬ್ಬರು. ಶಂಭುಲಿಂಗಪ್ಪನವರು ಬೆವತು, "nanu kelida bale bere, avaru kalisida bale bere" ಎಂದು ವಿವರಿಸಿದರು. ಬೇರೆ ಜಾತಿಯ ಬಾಳೆ ಕಳಿಸಿದರೇ ಎಂದು ಅಮೆರಿಕದಿಂದ ಒಬ್ಬರು ಮರುಕಪಟ್ಟರು. ಬಳೆಗೆ ಹೊಗೆ ಯಾಕೆ ಕೊಟ್ಟಿರಿ ಎಂದು ಬಳೆಯೆಂದೇ ಓದಿಕೊಂಡಿದ್ದ ಹುಬ್ಬಳ್ಳಿಯವರೊಬ್ಬರು ಕೇಳಿದರು. ಎರಡು ಪುಟ ಚರ್ಚೆಯಾದರೂ ಆದದ್ದೇನೆಂದು ಒಬ್ಬರಿಗೂ ತಿಳಿಯಲಿಲ್ಲ. ಕೊನೆಗೆ ರಂಜಿನಿ ಇಂಗ್ಲಿಷಿನಲ್ಲಿ ಒಂದು ಸಾಲು ಹಾಕಿ, ಒಂದು ಹಣ್ಣು, ಇನ್ನೊಂದು ಗಾಜು ಎಂದು ತಿಳಿಸಿದಳು. ಆಮೇಲೆ ನಗೆಯ ಮಳೆ. ಅಡ್ಮಿನ್ ಮಾತ್ರ ನಗಲಿಲ್ಲ. ಕನ್ನಡದ ಕಥೆಯೊಂದನ್ನು ಕನ್ನಡಿಗರಿಗೆ ಹೇಳಲು ಇಂಗ್ಲಿಷು ಬೇಕಾಯಿತಲ್ಲ ಎಂಬುದು ಅವನಿಗೆ ನಾಟಿರಬೇಕು. ಪ್ರಯತ್ನ ಮಾಡುತ್ತೇನೆ ಎಂದು ಬರೆದ.

ಪ್ರಯತ್ನ ಮುಗಿಯುವ ಹೊತ್ತಿಗೆ ೨೦೦೫ ಬಂತು. ಕಟ್ಟೆಮಾತಿಗೆ ಕನ್ನಡ ಬಂದ ದಿನ ಶಂಭುಲಿಂಗಪ್ಪನವರು ಪಂಚೆ ಉಟ್ಟು, ವಿಭೂತಿ ಹಚ್ಚಿಕೊಂಡು ಹೋದರೆ ನಂಜೇಶನ ತೆರೆಯ ಮೇಲೆ ಬರೀ ಚೌಕ ಚೌಕ. ಹಳೇ ಕಂಪ್ಯೂಟರಿಗೆ ಕನ್ನಡ ಹತ್ತದು ಎಂದ ನಂಜೇಶ್. "ಪ್ರಶ್ನಾರ್ಥಕ ಓಗಿ ಡಬ್ಬ ಬಂತಾ?" ಎಂದು ಇವರು ಕೂಗಾಡಿದ್ದಕ್ಕೆ ಆತ ಮೈಸೂರಿನಿಂದ ಯಾರನ್ನೋ ಕರೆಸಿ ಒಂದು ಯಂತ್ರವನ್ನು ಸರಿ ಮಾಡಿಸಿದ. ಅದರ ಮುಂದೆ ಕೂತು, ಒಂದೇ ಬೆರಳಲ್ಲಿ ಒಂದೊಂದು ಅಕ್ಷರ ಹುಡುಕುತ್ತಾ, ಶಂಭುಲಿಂಗಪ್ಪನವರು ಬಾಳೆ-ಬಳೆಯ ಪೂರ್ತಿ ಕಥೆ ಬರೆದರು. ಮೂರು ದಿನ ಹಿಡಿಯಿತು.

ಅದನ್ನು ದಾವಣಗೆರೆಯಲ್ಲಿ ಅಳಿಯ ಓದಿ ತಂದೆಗೆ ತೋರಿಸಿದ. ಬೀಗರ ಫೋನು ಬಂತು. "ಹಿಂಗೋ ಸಮಾಚಾರ! ಮದುವ್ಯಾಗ ಎರಡು ಚಮಚ ಯಾಕ ಹಾಕಿದ್ರಿ ಅಂತ ಈಗ ತಿಳೀತು ಬಿಡ್ರಿ. ನಂಗ ಇನ್ನೂ ಹಣ್ಣು ಬಾಕಿ ಐತಿ." ಶಂಭುಲಿಂಗಪ್ಪನವರು ಫೋನಿಟ್ಟು ಹಿತ್ತಲಿಗೆ ಹೋಗಿ, ದೊಡ್ಡಮ್ಮ ಕೊಟ್ಟ ಕಂದು ಎಷ್ಟು ಎತ್ತರವಾಗಿದೆ ಎಂದು ನೋಡಿಬಂದರು.

ಅಕ್ಷರ ಸಿಕ್ಕ ಮೇಲೆ ಅವರ ಜಿಪುಣತನ ಹೋಯಿತು. ತಾವು ಮಾತಾಡುವ ಹಾಗೇ, ಉದ್ದಕ್ಕೆ, ಧಾರಾಳವಾಗಿ ಬರೆಯತೊಡಗಿದರು. ಮಾತಾಡುವ ಹಾಗೇ ಅಂದರೆ ಅಕ್ಷರಶಃ ಹಾಗೇ. ಒಂದು ದಿನ, ನಾಳೆ ನೆಂಟರ ಮನೆಯ ಕಾರ್ಯಕ್ಕೆ ಆಸನಕ್ಕೆ ಹೋಗುತ್ತಿದ್ದೇನೆ, ಎರಡು ದಿನ ಸಿಗುವುದಿಲ್ಲ ಎಂದು ಹಾಕಿದರು. ಯಾವ ಆಸನ ಸಾರ್, ಪದ್ಮಾಸನವೋ ಶವಾಸನವೋ, ಎರಡು ದಿನ ಕೂರಲಾಗುತ್ತದೆಯೇ ಎಂದು ಒಬ್ಬರು ಕೇಳಿದರು. ಅದರ ಕೆಳಗೆ ರಂಜಿನಿಯ ಉತ್ತರವೂ ಇತ್ತು: ಅಪ್ಪಾಜಿ, ಊರಿಗೆ ಹೋಗುವಾಗ ಹಕಾರ ಜೊತೆಗಿರಲಿ.

ಶಂಭುಲಿಂಗಪ್ಪನವರು ಅದನ್ನು ಎರಡು ಸಾರಿ ಓದಿ, ಕುರ್ಚಿಯನ್ನು ಮುಂದಕ್ಕೆಳೆದುಕೊಂಡರು.

"ನಂಜೇಶ, ಈ ಹಕಾರ ಎಲ್ಲೈತೋ ತೋರ್ಸಪ್ಪ."